ಬಾಯಲ್ಲಿ ಯೋಚಿಸುವ ಮಾಸ್ತರು

ಆ ಹೊಲಿಗೆ ಅಂಗಡಿಗೆ ಹೊಸದಾಗಿ ಬಂದವರು ಹೊಸ್ತಿಲಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದರು. ಒಳಗೆ ಯಾರೋ ಯಾರ ಮೇಲೋ ಹರಿಹಾಯುತ್ತಿದ್ದಾರೆ, ಅದೊಂದು ಮುಗಿಯಲಿ, ಆಮೇಲೆ ಕಾಲಿಟ್ಟರಾಯಿತು ಅಂತ.

“ಇಲ್ಲಿ ಬಿಟ್ಟರೆ ಅಲ್ಲಿ ಸಾಲೋದಿಲ್ಲ. ಅಲ್ಲಿ ಬಿಟ್ಟರೆ ಇಲ್ಲಿ ಉಬ್ಬುತ್ತೆ. ಉಬ್ಬಲಿ ಬಿಡು. ಅಲ್ಲ, ಯಾಕೆ ಉಬ್ಬಬೇಕು ನೀನು? ಏನು ಕಡಿಮೆ ಮಾಡಿದೀನಿ ನಿನಗೆ?”

ಧೈರ್ಯ ಮಾಡಿ ಒಳಗೆ ಹೋಗಿ ನೋಡಿದರೆ ಜಗಳಕ್ಕೆ ಎದುರಾಳಿಯೇ ಇಲ್ಲ. ಉದ್ದನೆಯ ಮರದ ಮೇಜು, ಅದರ ಮೇಲೆ ಹರಡಿದ ಬಟ್ಟೆ, ಬಟ್ಟೆಯ ಮೇಲೆ ಕೊಕ್ಕರೆಯ ಹಾಗೆ ಬಗ್ಗಿ ನಿಂತ ಒಬ್ಬ ಸಣಕಲು ಮನುಷ್ಯ. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು, ಕೈಯಲ್ಲಿ ಮೊಳದುದ್ದದ ಕತ್ತರಿ. ಬೈಸಿಕೊಳ್ಳುತ್ತಿದ್ದದ್ದು ಒಂದು ಪ್ಯಾಂಟಿನ ಹಿಂಭಾಗ.

ಅವರು ಆ ಅಂಗಡಿಯ ಕತ್ತರಿ ಮಾಸ್ತರು. ಹೊಲಿಯುವವರು ಬೇರೆ, ಗುಂಡಿ ಹಾಕುವವರು ಬೇರೆ, ಇಸ್ತ್ರಿ ಹಾಕುವವನು ಬೇರೆ. ಬಟ್ಟೆಗೆ ಕತ್ತರಿ ಇಡುವ ಹಕ್ಕು ಮಾತ್ರ ಅವರೊಬ್ಬರದು. ಬೀದಿಯವರೆಲ್ಲ ಅವರನ್ನು ರೇಡಿಯೊ ಮಾಸ್ತರು ಅನ್ನುತ್ತಿದ್ದರು. ರೇಡಿಯೊಗಾದರೂ ತಿರುಗಿಸಲು ಒಂದು ಗುಬುಟು ಇರುತ್ತದೆ, ಇವರಿಗೆ ಅದೂ ಇರಲಿಲ್ಲ. ಬೆಳಗ್ಗೆ ಮೇಜಿನ ಮುಂದೆ ನಿಂತಾಗ ಶುರುವಾದ ಮಾತು ಕತ್ತರಿಯನ್ನು ಮೊಳೆಗೆ ತೂಗು ಹಾಕುವ ತನಕ ನಿಲ್ಲುತ್ತಿರಲಿಲ್ಲ. ಬರೀ ಬಟ್ಟೆಯ ಮಾತಾಗಿದ್ದರೆ ಸರಿಹೋಗುತ್ತಿತ್ತು. ಬಟ್ಟೆ ತೊಡುವವರ ವಿಚಾರವೂ ಅದೇ ಉಸಿರಿನಲ್ಲಿ ಬಂದುಬಿಡುತ್ತಿತ್ತು. ಒಮ್ಮೆ ಗಿಳಿಹಸಿರು ಅಂಗಿಯೊಂದಕ್ಕೆ ಗೆರೆ ಹಾಕುತ್ತಾ, “ಈ ವಯಸ್ಸಿಗೆ ಈ ಬಣ್ಣ. ಎಲ್ಲೋ ಏನೋ ನಡೀತಿದೆ ಈ ಮನುಷ್ಯಂದು” ಅಂದರು. ಆ ಮನುಷ್ಯನ ಹೆಂಡತಿ ಬೆಂಚಿನ ಮೇಲೇ ಕೂತಿದ್ದಳು. ಪಾಪ, ಆತನದು ಏನೂ ನಡೆಯುತ್ತಿರಲಿಲ್ಲವಂತೆ, ಬಟ್ಟೆ ಅಗ್ಗಕ್ಕೆ ಸಿಕ್ಕಿತ್ತಂತೆ. ಅದನ್ನು ಮನೆಯಲ್ಲಿ ಸಾಬೀತು ಮಾಡಲು ಆತನಿಗೆ ಮಳೆಗಾಲ ಪೂರ್ತಿ ಬೇಕಾಯಿತು.

ಕೆಟ್ಟ ಮನಸ್ಸಿನ ಮಾತಲ್ಲ ಅದು. ಮಾಸ್ತರಿಗೆ ಯೋಚನೆ ಬರುವುದೇ ಬಾಯಿಂದ. ನಮಗೆ ನಿಮಗೆ ಮೊದಲು ಒಳಗೆ ಏನೋ ಹೊಳೆದು, ಹೇಳಬಹುದೋ ಬಾರದೋ ಎಂದು ತೂಗಿ, ಆಮೇಲೆ ಬಾಯಿಗೆ ಬರುತ್ತದೆ. ಮಾಸ್ತರಿಗೆ ತಾನು ಏನು ಯೋಚಿಸುತ್ತಿದ್ದೇನೆ ಅಂತ ಗೊತ್ತಾಗುತ್ತಿದ್ದದ್ದೇ ಕಿವಿಗೆ ಬಿದ್ದ ಮೇಲೆ. ತಮ್ಮ ಹೆಂಡತಿಯನ್ನು ಮೊದಲ ಸಲ ಕಂಡದ್ದೂ ಅದೇ ಅಂಗಡಿಯಲ್ಲಿ, ಅವಳು ಅಪ್ಪನ ಅಂಗಿ ಒಯ್ಯಲು ಬಂದಾಗ. “ಚೆನ್ನಾಗಿದ್ದಾಳೆ ಹುಡುಗಿ. ಮೂಗು ಮಾತ್ರ ಸ್ವಲ್ಪ ಕೋಪದ್ದು” ಎಂದು ಅಳತೆಪಟ್ಟಿ ಸುತ್ತುತ್ತಾ ಅಂದುಬಿಟ್ಟರು. ಆ ಮೂಗಿನ ಕೋಪವನ್ನು ಅವರು ಈಗಲೂ ಅನುಭವಿಸುತ್ತಿದ್ದಾರೆ. ಅವರ ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆ ಏನೆಂಬುದು ಒಂದು ವರ್ಷವೂ ಗುಟ್ಟಾಗಿ ಉಳಿಯಲಿಲ್ಲ. ಇಸ್ಪೀಟಾಟಕ್ಕಂತೂ ಅವರನ್ನು ಬೀದಿಯ ಪ್ರತಿ ಮನೆಯವರೂ ಬಹಳ ಪ್ರೀತಿಯಿಂದ ಕರೆಯುತ್ತಿದ್ದರು.

ಹಳೇ ಯಜಮಾನರಿಗೆ ಈ ಮಾತಿನ ಮಳೆ ಅಭ್ಯಾಸವಾಗಿತ್ತು. ಕುರ್ಚಿಯಿಂದ ಏಳದೆ ಕೆಲಸ ಎಲ್ಲಿಯವರೆಗೆ ಬಂತು ಅಂತ ತಿಳಿಯುತ್ತದಲ್ಲ ಅಂತ ಅವರಿಗೆ ಅನುಕೂಲವೇ. ಆದರೆ ಅವರ ಮಂಡಿ ಕೈಕೊಟ್ಟಿತು. ಅವರು ಮಹಡಿಯ ಮನೆಯಲ್ಲೇ ಉಳಿದರು, ಅಂಗಡಿಗೆ ಅವರ ಸೊಸೆ ಇಳಿದು ಬಂದಳು.

ಸೊಸೆ ಚುರುಕು. ಬಂದ ಹೊಸತರಲ್ಲೇ ದಾರದ ಉಂಡೆಗಳಿಗೆ ಬಣ್ಣದ ಪ್ರಕಾರ ಗೂಡು ಮಾಡಿಸಿದಳು, ಟ್ರಯಲ್ ಕೋಣೆಗೆ ಸರಿಯಾದ ಕನ್ನಡಿ ಹಾಕಿಸಿದಳು. ಗಿರಾಕಿಯ ಅಳತೆ ತೆಗೆಯುವ ಕೆಲಸ ತಾನೇ ವಹಿಸಿಕೊಂಡಳು. ಅವಳಿಗೆ ಆಗದಿದ್ದದ್ದು ಒಂದೇ, ಮಾಸ್ತರ ಮಾತು. ಅಳತೆ ತೆಗೆಯುವಾಗ ಅವಳ ಹುಬ್ಬು ಗಂಟಿಕ್ಕುತ್ತಿತ್ತು, ಎರಡೆರಡು ಸಲ ಟೇಪು ಹಿಡಿಯುತ್ತಿದ್ದಳು. ಹೊಸಬಳು, ಕಲಿಯುತ್ತಾಳೆ ಅಂತ ಎಲ್ಲರೂ ಸುಮ್ಮನಿದ್ದರು.

ಆಮೇಲೆ ಬಂತು ಉದ್ದ ತೋಳಿನ ಪ್ರಸಂಗ. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಅಂಗಿ ಹೊಲಿಸಿಕೊಂಡು ಹೋಗಿ ಮಾರನೆಯ ದಿನವೇ ಅದನ್ನು ತೊಟ್ಟುಕೊಂಡು ವಾಪಸು ಬಂದರು. ಕೈ ಎಲ್ಲಿದೆ ಅಂತ ಕಾಣುತ್ತಿರಲಿಲ್ಲ. ಸೊಸೆ ತೋಳಿನ ಅಳತೆ ತೆಗೆಯುವಾಗ ಮಾಸ್ತರು ಒಳಗೆ ಇನ್ಯಾರದೋ ಅಂಗಿಯ ಉದ್ದವನ್ನು ಜಪಿಸುತ್ತಿದ್ದರಂತೆ. ಸೊಸೆಯ ಕೈ ಅಳತೆ ಪುಸ್ತಕದಲ್ಲಿ ಆ ಸಂಖ್ಯೆಯನ್ನೇ ಬರೆದಿತ್ತು.

“ನೀವು ಕತ್ತರಿಸುವಾಗ ಗೊತ್ತಾಗಲಿಲ್ವಾ ಮಾಸ್ತರೇ?” ಅಂದಳು ಸೊಸೆ.

“ಗೊತ್ತಾಯ್ತಲ್ಲ. ಅಂದೆನಲ್ಲ. ‘ಅಬ್ಬ, ಏನು ಕೈ ಈ ಮನುಷ್ಯಂದು, ಬಗ್ಗದೇ ಚಪ್ಪಲಿ ತೆಗೀಬಹುದು’ ಅಂತ ಗಟ್ಟಿಯಾಗೇ ಅಂದೆ. ಯಾರೂ ಕೇಳಿಸ್ಕೊಳ್ಳಲಿಲ್ಲ.”

ಕೇಳಿಸಿಕೊಳ್ಳುವುದಾದರೂ ಹೇಗೆ? ಇಷ್ಟು ವರ್ಷದಲ್ಲಿ ಆ ಅಂಗಡಿಯವರು ಅವರ ದನಿಯನ್ನು ಫ್ಯಾನಿನ ಸದ್ದಿನ ಜೊತೆ ಸೇರಿಸಿಬಿಟ್ಟಿದ್ದರು.

ಅವತ್ತು ಸಂಜೆ ಸೊಸೆ ಮೇಜಿನ ಹತ್ತಿರ ಬಂದು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ತೀರ್ಮಾನವಿತ್ತು. “ಮಾಸ್ತರೇ, ನಾಳೆಯಿಂದ ಅಂಗಡಿಯಲ್ಲಿ ಮಾತು ಬೇಡ. ಏನಿದ್ದರೂ ಮನಸ್ಸಲ್ಲೇ ಅಂದ್ಕೊಳ್ಳಿ. ಆಗೋದಿಲ್ಲ ಅಂದರೆ ಹೇಳಿಬಿಡಿ. ಮಾತಾಡದೆ ಕತ್ತರಿಸೋ ಒಬ್ಬರು ಬರೋಕೆ ತಯಾರಿದ್ದಾರೆ. ನಿಮ್ಮನ್ನೇನೂ ಕಳಿಸೋದಿಲ್ಲ. ಕಾಜಾ ಹೊಲಿಯೋ ಸ್ಟೂಲು ಖಾಲಿ ಇದೆ.”

ಕಾಜಾ ಅಂದರೆ ಗುಂಡಿಯ ತೂತು. ಕತ್ತರಿ ಹಿಡಿದ ಕೈಗೆ ಆ ಸ್ಟೂಲು ತೋರಿಸುವುದೂ, ಅಡುಗೆ ಮಾಡುವವನಿಗೆ ಎಲೆ ಎತ್ತು ಅನ್ನುವುದೂ ಒಂದೇ. ಮಾಸ್ತರ ಎದೆ ಧಸಕ್ಕೆಂದಿತು. “ಧಸಕ್ ಅಂತು ನನ್ನ ಎದೆ” ಅಂದರು ಕೂಡ. ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಮಾರನೆಯ ದಿನ ಅಂಗಡಿಯಲ್ಲಿ ಗಡಿಯಾರ ನಡೆಯುವ ಸದ್ದು ಕೇಳಿಸಿತು. ಅಲ್ಲೊಂದು ಗಡಿಯಾರವಿದೆ ಅಂತಲೇ ಇಸ್ತ್ರಿಯವನಿಗೆ ಗೊತ್ತಿರಲಿಲ್ಲ. ಮಾಸ್ತರು ಬಟ್ಟೆ ಹರಡಿದರು, ಟೇಪು ಇಳಿಸಿದರು, ನಿಂತರು. ನಿಂತೇ ಇದ್ದರು. ಬಾಯಿ ಮುಚ್ಚಿದ ಕೂಡಲೇ ತಲೆಗೂ ಬೀಗ ಬಿದ್ದಿತ್ತು. ಭುಜದ ಗೆರೆ ಹಾಕಿ ಆಯಿತು, ಮುಂದೇನು ಅಂತ ಯಾರೂ ಹೇಳುವವರಿಲ್ಲ. ಕೊನೆಗೆ ಹಿತ್ತಿಲ ನಲ್ಲಿಯ ಹತ್ತಿರ ಹೋಗಿ, “ಭುಜ ಆಯ್ತು, ಇನ್ನು ಕಂಕುಳು, ಕಂಕುಳಿಗೆ ಅರ್ಧ ಇಂಚು ಬಿಡು” ಎಂದು ನಲ್ಲಿಗೆ ಹೇಳಿ, ಮರೆಯುವ ಮುಂಚೆ ಓಡಿಬಂದು ಗೆರೆ ಎಳೆದರು. ನಲ್ಲಿಯ ಹತ್ತಿರ ಯಾರಾದರೂ ಇದ್ದರೆ ಪಾಯಿಖಾನೆ. ಹೀಗೆ ದಿನವಿಡೀ ಓಡಾಡಿ, ಒಂದು ಅಂಗಿ ಕತ್ತರಿಸುವ ಹೊತ್ತಿಗೆ ಮೈಯೆಲ್ಲ ಬೆವರು.

“ಹೊಟ್ಟೆ ಕೆಟ್ಟಿದೆಯಾ ಮಾಸ್ತರೇ?” ಅಂದ ಇಸ್ತ್ರಿಯವನು. “ಬಿಸಿನೀರು ಕುಡೀರಿ.”

ಮನೆಗೆ ಬಂದ ಮಾಸ್ತರು ಚಪ್ಪಲಿ ಬಿಡುವ ಮುಂಚೆಯೇ ದಿನವಿಡೀ ಕಟ್ಟಿಹಾಕಿದ್ದ ಮಾತನ್ನೆಲ್ಲ ಬಿಚ್ಚಿದರು. ಹೆಂಡತಿ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಅವಳು ಕಡಿಮೆ ಮಾತಿನವಳು. ಆ ಮನೆಯಲ್ಲಿ ಮಾತಿಗೆ ಬೇರೆಯವರು ಬೇಕಾಗಿಯೂ ಇರಲಿಲ್ಲ.

“ಅಲ್ಲ ಕಣೇ, ಮನಸ್ಸಲ್ಲೇ ಅಂದ್ಕೊಳ್ಳಿ ಅಂತಾಳೆ. ಮನಸ್ಸಿಗೇನು ನಾಲಿಗೆ ಇದೆಯಾ? ಏನೋ ಜನ ಮಾತಿಗೆ ಹಾಗಂತಾರೆ, ಸರಿ. ಎದೇಲಿ ಅವಲಕ್ಕಿ ಕುಟ್ಟಿತು ಅಂದರೆ ನಿಜವಾಗಲೂ ಅಲ್ಲಿ ಅವಲಕ್ಕಿ ಇರುತ್ತಾ?”

“ಜನ ಅಂದ್ಕೊತಾರೆ. ನಿಜವಾಗಲೂ,” ಅಂದಳು ಹೆಂಡತಿ.

“ನೀನೂ?”

“ನಾನು ಅಂದ್ಕೊಳ್ಳೋದಿಲ್ಲ. ನೋಡ್ಕೊತೀನಿ.”

“ಏನನ್ನ?”

“ಈಗ ನಿಮ್ಮ ಕನ್ನಡಕ ಎಲ್ಲಿ ಅಂತ ಕೇಳಿದ್ರಿ ಅಂತಿಟ್ಕೊಳ್ಳಿ. ಬೆಳಗ್ಗೆ ನೀವು ಮುಖ ತೊಳೆಯೋಕೆ ಹೋದದ್ದು ಕಾಣುತ್ತೆ. ಕಿಟಕಿ ದಂಡೆ ಕಾಣುತ್ತೆ. ದಂಡೆ ಮೇಲೆ, ಸೋಪಿನ ಪಕ್ಕ, ಕನ್ನಡಕ. ಒಂದು ಕಡ್ಡಿ ಮಡಚಿದೆ, ಒಂದು ತೆರೆದಿದೆ. ಸಿನಿಮಾ ಹಾಗೆ. ಮಾತು ಮಾತ್ರ ಇರೋದಿಲ್ಲ. ಅದೇ ಪುಣ್ಯ.”

ಮಾಸ್ತರು ಎದ್ದು ಹೋಗಿ ನೋಡಿದರು. ಕನ್ನಡಕ ಅಲ್ಲೇ ಇತ್ತು, ಒಂದು ಕಡ್ಡಿ ಮಡಚಿ, ಒಂದು ತೆರೆದು. ಬಂದು ಕೂತು, ಕಣ್ಣು ಬಿಗಿಯಾಗಿ ಮುಚ್ಚಿ ತಾವೂ ಒಂದು ಸಿನಿಮಾ ನೋಡಲು ಪ್ರಯತ್ನಪಟ್ಟರು.

“ಏನು ಕಾಣುತ್ತೆ?” ಅಂದಳು.

“ಕತ್ತಲೆ.”

“ನನ್ನ ಮುಖ ತಂದ್ಕೊಳ್ಳಿ.”

“ಬರ್ತಿಲ್ಲ.”

“ಇಷ್ಟು ವರ್ಷ ಸಂಸಾರ ಮಾಡಿ ನನ್ನ ಮುಖ ಬರ್ತಿಲ್ವಾ?”

“ಕಣ್ಣು ಬಿಟ್ಟರೆ ಬರುತ್ತೆ,” ಅಂದು ಮಾಸ್ತರು ಕಣ್ಣು ಬಿಟ್ಟರು. “ನೋಡು, ಬಂತು. ಮೂಗು ಕೆಂಪಗಾಗಿದೆ.”

ಅವತ್ತು ಊಟಕ್ಕೆ ಬಡಿಸುವಾಗ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಮಾಸ್ತರಿಗೆ ಇದು ತಲೆ ಕೊರೆಯುವ ಹುಳವಾಯಿತು. ಮಾರನೆಯ ದಿನ ಇಸ್ತ್ರಿಯವನನ್ನು ಹಿತ್ತಿಲಿಗೆ ಕರೆದು ಕೇಳಿದರು, “ನಿನ್ನ ತಲೆಯೊಳಗೆ ಏನಿದೆಯೋ?”

ಇಸ್ತ್ರಿಯವನು ಮೊದಲು ಬೈಗುಳ ಅಂದುಕೊಂಡ. ವಿವರಿಸಿ ಹೇಳಿದ ಮೇಲೆ ತಲೆ ಕೆರೆದುಕೊಂಡ. “ಹಾಡು ಮಾಸ್ತರೇ. ಬೆಳಗ್ಗೆ ಎದ್ದಾಗ ಯಾವುದು ಹತ್ತಿಕೊಳ್ಳುತ್ತೋ ರಾತ್ರಿ ತನಕ ಅದೇ. ನಿನ್ನೆ ಪೂರ್ತಿ ಹಲ್ಲುಪುಡಿ ಜಾಹೀರಾತಿಂದು. ವಾದ್ಯ ಸಮೇತ ಬರುತ್ತೆ. ಎಲ್ಲರಿಗೂ ಬರುತ್ತಲ್ಲ?”

“ನನಗೆ ಬರೋದಿಲ್ಲ.”

“ಅಯ್ಯೋ ಪಾಪ,” ಅಂದ ಇಸ್ತ್ರಿಯವನು, ನಿಜವಾಗಿ ನೊಂದುಕೊಂಡು.

ಮಾಸ್ತರು ನಲ್ಲಿಯ ಕಡೆ ತಿರುಗಿ ತೀರ್ಪು ಕೊಟ್ಟರು. “ಒಬ್ಬಳು ತಲೆಯೊಳಗೆ ಸಿನಿಮಾ ಓಡುತ್ತೆ ಅಂತಾಳೆ. ಒಬ್ಬ ವಾದ್ಯ ಬಾರಿಸ್ತಾರೆ ಅಂತಾನೆ. ಇವರ ನಡುವೆ ನೆಟ್ಟಗಿರೋನು ನಾನೊಬ್ಬನೇ, ನನಗೇ ಬಾಯಿ ಮುಚ್ಚು ಅಂತಾರೆ.”

ಇಷ್ಟರಲ್ಲಿ ಬಂತು ಬ್ಯಾಂಡ್ ಮೇಳದ ಮುಖ್ಯಸ್ಥರ ಕೋಟು. ಆತ ದೊಡ್ಡ ಮನುಷ್ಯ, ಸುತ್ತಳತೆಯಲ್ಲೂ. ಕೋಲು ಬೀಸುತ್ತಾ ಮೇಳದ ಮುಂದೆ ನಡೆಯುವುದು ಅವರ ಕೆಲಸ. ಹಿಂದೆ ನಗಾರಿ ಬಾರಿಸುವವನ ನಗಾರಿಗೂ ಮುಂದೆ ಇವರ ಹೊಟ್ಟೆಗೂ ಒಂದೇ ಅಚ್ಚು. ಮುಚ್ಚಿಹೋದ ಹಳೇ ನಾಟಕ ಮಂದಿರದ ಪರದೆಯ ಬಟ್ಟೆ ತಂದಿದ್ದರು. ದಾಳಿಂಬೆ ಬಣ್ಣದ ಮಖಮಲ್. “ನಾನು ಮೊದಲ ಸಲ ಕೊಳಲು ಊದಿದ್ದು ಆ ಪರದೆ ಹಿಂದೆ,” ಅಂದರು. “ಇಷ್ಟೇ ಉಳಿದಿರೋದು. ಇನ್ನೊಂದು ಗೇಣು ಬೇಕು ಅಂದರೂ ಈ ಲೋಕದಲ್ಲಿ ಸಿಗೋದಿಲ್ಲ. ಭಾನುವಾರ ಮೆರವಣಿಗೆಗೆ ತೊಡಬೇಕು.”

ಸೊಸೆ ಮಾಸ್ತರ ಮುಖ ನೋಡಿದಳು. ಮಾಸ್ತರು ತಲೆ ಅಲ್ಲಾಡಿಸಿದರು, ಆಗುತ್ತೆ ಅಂತ. ಬಾಯಿ ಬಿಡಲಿಲ್ಲ. ನಾಲಿಗೆಯ ತುದಿಯಲ್ಲಿ ಬಂದು ನಿಂತಿದ್ದದ್ದು ಹೊಟ್ಟೆಯ ವಿಚಾರ. ಅದನ್ನು ನುಂಗುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂತು. “ನನ್ನ ಪರದೆ ಕಥೆ ಕೇಳಿ ಅತ್ತುಬಿಟ್ಟರು ನೋಡಿ” ಅಂತ ಮುಖ್ಯಸ್ಥರು ಸೊಸೆಗೆ ಹೇಳಿ, ಮಾಸ್ತರ ಬೆನ್ನು ತಟ್ಟಿ ಹೋದರು.

ಮಾಮೂಲಿ ಬಟ್ಟೆಯಾದರೆ ಜೋಡಿ ಮಡಿಕೆ ಹಾಕಿ ಒಂದೇ ಸಲ ಕತ್ತರಿಸುತ್ತಾರೆ. ಎಡದ ತೋಳು ಬಲದ ತೋಳು ಒಂದಕ್ಕೊಂದು ಕನ್ನಡಿಯಾಗಿ ತಾವೇ ಬಂದುಬಿಡುತ್ತವೆ. ಮಖಮಲ್ಲಿಗೆ ಹಾಗಾಗದು. ಅದಕ್ಕೆ ಬೆಕ್ಕಿನ ಮೈಯ ಹಾಗೆ ಕೂದಲಿರುತ್ತದೆ, ಒಂದು ಕಡೆ ಸವರಿದರೆ ನುಣುಪು, ಇನ್ನೊಂದು ಕಡೆ ಸವರಿದರೆ ಮುನಿಸು. ಜೋಡಿ ಹಾಕಿದರೆ ಮೇಲಿನದು ಕೆಳಗಿನದರ ಮೇಲೆ ಜಾರುತ್ತದೆ. ಅದಕ್ಕೇ ಒಂದೊಂದೇ ಪದರ ಕತ್ತರಿಸಬೇಕು. ಮೊದಲು ಮಾದರಿಯ ಕಾಗದ ಇಟ್ಟು ಒಂದು ತೋಳು. ಆಮೇಲೆ ಅದೇ ಕಾಗದವನ್ನು ಮಗುಚಿ ಇಟ್ಟು ಇನ್ನೊಂದು. ವೃತ್ತಿಗೆ ಬಂದಾಗಿನಿಂದ ಮಾಸ್ತರು ಮಖಮಲ್ ಮುಟ್ಟಿದಾಗಲೆಲ್ಲ ಒಂದು ತೋಳು ಮುಗಿಸಿ, “ಒಂದಾಯ್ತು. ಮಗುಚು” ಅನ್ನುತ್ತಿದ್ದರು. ಬಾಯಿ ಮಗುಚು ಅನ್ನುತ್ತಿತ್ತು, ಕೈ ಮಗುಚುತ್ತಿತ್ತು. ಇದರಲ್ಲಿ ತಲೆಗೆ ಕೆಲಸವೇ ಇರಲಿಲ್ಲ.

ಅವತ್ತು ಒಂದಾಯಿತು. ಯಾರೂ ಮಗುಚು ಅನ್ನಲಿಲ್ಲ.

ತುಂಡುಗಳನ್ನು ಗುಂಡುಸೂಜಿಯಿಂದ ಮರದ ಗೊಂಬೆಗೆ ತೊಡಿಸಿದಾಗ ಎಲ್ಲರಿಗೂ ಕಂಡಿತು. ಗೊಂಬೆಯ ಬಲಗೈ ಯಾರ ಕೈಯನ್ನೋ ಕುಲುಕಲು ಬಂದ ಹಾಗೆ ಸೊಗಸಾಗಿ ಮುಂದಕ್ಕೆ ಬಾಗಿತ್ತು. ಎಡಗೈ ಹಿಂದಕ್ಕೆ ತಿರುಗಿ, ಬೆನ್ನ ಹಿಂದೆ ಯಾರಿಂದಲೋ ಕದ್ದು ಏನೋ ತೆಗೆದುಕೊಳ್ಳುತ್ತಿತ್ತು. ಎರಡೂ ಬಲಗೈ. ಇಸ್ತ್ರಿಯವನು ನೋಡಿ ನಕ್ಕ, ಆಮೇಲೆ ಮಾಸ್ತರ ಮುಖ ನೋಡಿ ನಗು ನುಂಗಿ ಒಲೆಯ ಕೆಂಡ ಕೆದಕಲು ಹೋದ.

ಸೊಸೆ ಬಂದಳು. ಗೊಂಬೆಯನ್ನು ಒಂದು ಸುತ್ತು ಹಾಕಿ ನೋಡಿದಳು.

“ಇದೇನಿದು ಮಾಸ್ತರೇ?”

ಮಾಸ್ತರು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

“ಮಾತಾಡಿ.”

“ಮಾತಾಡಬಹುದಾ?”

“ಮಾಸ್ತರೇ.”

“ಮಗುಚೋದು ಮರೆತೆ ತಾಯಿ.”

“ಜೀವಮಾನವೆಲ್ಲ ಮಾಡಿದ ಕೆಲಸ. ಮನಸ್ಸಲ್ಲೇ ಒಂದು ಸಲ ಅಂದ್ಕೊಂಡಿದ್ದರೆ ಮರೀತಿರಲಿಲ್ಲ.”

“ಅಲ್ಲಿ ಯಾರೂ ಇಲ್ಲ ತಾಯಿ.”

“ಎಲ್ಲಿ?”

“ಒಳಗೆ.” ಮಾಸ್ತರು ತೋರುಬೆರಳಿಂದ ಹಣೆ ತಟ್ಟಿ ತೋರಿಸಿದರು. “ಬಾಯಿ ಮುಚ್ಚಿದರೆ ಇಲ್ಲಿ ಏನೂ ಇರೋದಿಲ್ಲ. ರಜಾ ದಿನದ ಅಂಗಡಿ ಹಾಗೆ. ನೀವು ಮನಸ್ಸಲ್ಲಿ ಅಂದ್ಕೊಳ್ಳಿ ಅಂದಿರಿ. ನಾನು ಪ್ರಯತ್ನಪಟ್ಟೆ, ನಿಮ್ಮಾಣೆ. ಅಂದ್ಕೊಳ್ಳೋಕೆ ಒಳಗೆ ಒಬ್ಬನಾದರೂ ಬೇಕಲ್ಲ.”

ಸೊಸೆ ತಮಾಷೆ ಅಂದುಕೊಂಡಳು. ಆದರೆ ಮಾಸ್ತರಿಗೆ ತಮಾಷೆ ಹೊಳೆದಿದ್ದರೆ ಅದು ಇಷ್ಟು ಹೊತ್ತಿಗೆ ಬೀದಿಗೆಲ್ಲ ಕೇಳಿರುತ್ತಿತ್ತು. ಅವಳು ಸ್ಟೂಲು ಎಳೆದುಕೊಂಡು ಕೂತಳು.

“ಏನೂ ಕೇಳ್ಸೋದೇ ಇಲ್ವಾ? ನಿಮ್ಮದೇ ದನಿ, ಒಳಗಡೆ?”

“ನಿಮಗೆ ಕೇಳ್ಸುತ್ತಾ?”

“ಎದ್ದಾಗಿಂದ ಮಲಗೋ ತನಕ. ಮಲಗಿದ ಮೇಲೂ.”

“ಈಗ ಏನಂತಿದೆ?”

ಸೊಸೆ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. “ಈ ಮನುಷ್ಯನ ಕೈಯಿಂದ ಇವತ್ತೇ ಕತ್ತರಿ ಈಸ್ಕೋಬೇಕು ಅಂತ ಒಂದು. ಪಾಪ, ಬೇಡ ಅಂತ ಇನ್ನೊಂದು.”

“ಇಬ್ಬರಿದ್ದಾರಾ?”

“ಕೆಲವು ಸಲ ಮೂರು. ನಮ್ಮತ್ತೆ ದನೀಲಿ ಒಂದು ಬರುತ್ತೆ.”

ಮಾಸ್ತರು ಕಣ್ಣು ಕಣ್ಣು ಬಿಟ್ಟರು. ಹೆಂಡತಿಯ ಸಿನಿಮಾ ಕೇಳಿ, ಇಸ್ತ್ರಿಯವನ ವಾದ್ಯ ಕೇಳಿ ಅವರಿಗೆ ಇಷ್ಟು ಮರುಕ ಹುಟ್ಟಿರಲಿಲ್ಲ. “ಅತ್ತೆ ತೀರಿಕೊಂಡು ಎಷ್ಟು ವರ್ಷ ಆಯ್ತು,” ಅಂದರು. “ಇನ್ನೂ ಬಿಟ್ಟಿಲ್ವಾ ನಿಮ್ಮನ್ನ?”

ಸೊಸೆಗೆ ನಗು ಬಂತು. ನಗುತ್ತಲೇ ಹೇಳಿದಳು, ಇಲ್ಲಿಯ ತನಕ ಯಾರಿಗೂ ಹೇಳದಿದ್ದದ್ದನ್ನು. “ಅದಕ್ಕೇ ಮಾಸ್ತರೇ ನಿಮ್ಮ ಮಾತು ಆಗೋದಿಲ್ಲ ನನಗೆ. ನಾನು ಅಳತೆ ತೆಗೆದು ಆ ಸಂಖ್ಯೆನ ಒಳಗೆ ಹೇಳ್ಕೊತಾ ಇರ್ತೀನಿ, ಪುಸ್ತಕದ ಹತ್ತಿರ ಹೋಗೋ ತನಕ. ನೀವು ಅಲ್ಲಿಂದ ಇನ್ನೊಂದು ಸಂಖ್ಯೆ ಕೂಗ್ತೀರಿ. ನನ್ನದು ಅಳಿಸಿಹೋಗುತ್ತೆ. ನಿಮ್ಮದೇ ಉಳಿಯುತ್ತೆ. ಗುಮಾಸ್ತರ ತೋಳು ಉದ್ದ ಆಗಿದ್ದು ಹಾಗೆ. ನಾನೇನೋ ಪೆದ್ದಿ, ಈ ಕೆಲಸ ನನಗೆ ಬರೋದಿಲ್ಲ ಅಂದ್ಕೊಂಡಿದ್ದೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ,” ಅಂದರು ಮಾಸ್ತರು.

“ನಿಮ್ಮ ಬಗ್ಗೆಯಾ?”

“ಇಲ್ಲ, ನಿಮ್ಮ ಬಗ್ಗೆ.”

ಬೇರೆ ಯಜಮಾನಿಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೊಸೆ ಗೊಂಬೆಯ ಕಳ್ಳ ಕೈಯನ್ನೇ ನೋಡುತ್ತಾ ಕೂತಳು. ಆಮೇಲೆ, “ಕೋಟು ಭಾನುವಾರಕ್ಕೆ ಬೇಕು, ಬಟ್ಟೆ ಇನ್ನಿಲ್ಲ. ಇದನ್ನ ಸರಿ ಮಾಡೋಕೆ ಆಗುತ್ತೋ ಇಲ್ಲವೋ ನೋಡಿ. ಸರಿಯಾದರೆ ಕತ್ತರಿ ನಿಮ್ಮ ಹತ್ತಿರವೇ ಉಳಿಯುತ್ತೆ. ಆಗದಿದ್ದರೆ ಆ ಹೊಸಬರಿಗೆ ಬರೋಕೆ ಹೇಳ್ತೀನಿ, ನನಗೂ ಬೇರೆ ದಾರಿ ಇಲ್ಲ” ಅಂದಳು. ಎದ್ದು ಅಂಗಡಿಯ ಮುಂಬಾಗಿಲು ಅರ್ಧ ಎಳೆದು ಬಂದಳು. “ಈಗ ಗಿರಾಕಿ ಇಲ್ಲ. ಮಾತಾಡಿ.”

ಮಾಸ್ತರು ತಪ್ಪು ತೋಳನ್ನು ಗೊಂಬೆಯಿಂದ ಬಿಚ್ಚಿ ಮೇಜಿನ ಮೇಲೆ ಹರಡಿದರು. ಗಂಟಲು ಸರಿಮಾಡಿಕೊಂಡರು. ಅಣೆಕಟ್ಟಿನ ಬಾಗಿಲು ತೆಗೆದ ಹಾಗಾಯಿತು.

“ಮಗುಚು. ಈಗ ಮಗುಚು ಮಹರಾಯ, ಆಗಲೇ ಮಗುಚಿದ್ದರೆ ಈ ಪಾಡಿರಲಿಲ್ಲ. ಕಾಗದ ಮಗುಚಿ ಇದರ ಮೇಲೇ ಇಡು. ಎಷ್ಟು ಸಾಲದು? ಹಿಂದಿನ ಕಡೆ ಎರಡು ಬೆರಳು. ಎರಡೇ ಬೆರಳು, ಬದುಕಿದೆ. ಜೋಡಿಸು. ಬಟ್ಟೆ ಎಲ್ಲಿ? ಮೂಲೆ ತುಂಡು ಇದೆಯಲ್ಲ, ಕೊರಳಿನ ಹತ್ತಿರ ಉಳಿದದ್ದು. ಕೂದಲು ಯಾವ ಕಡೆ? ಕೆಳಗೆ. ತುಂಡಿಂದೂ ಕೆಳಗೇ ಇರಲಿ, ಇಲ್ಲದಿದ್ದರೆ ಒಂದು ಪಟ್ಟಿ ಹೊಳೆಯುತ್ತೆ, ಒಂದು ಪಟ್ಟಿ ಮುನಿಸ್ಕೊಳ್ಳುತ್ತೆ. ಜೋಡಿಸಿದ ಗೆರೆ ಕಾಣುತ್ತಲ್ಲ. ಕಾಣಲಿ ಬಿಡು. ಅಲ್ಲ, ಯಾಕೆ ಕಾಣಬೇಕು? ಬ್ಯಾಂಡಿನ ಕೋಟು ಇದು. ಕೊರಳಿಗೆ ಹೇಗೂ ಜರಿಪಟ್ಟಿ ಹಾಕಬೇಕು. ಅದನ್ನೇ ಗೆರೆ ಮೇಲೆ ಭುಜದಿಂದ ಮಣಿಕಟ್ಟಿನ ತನಕ ಇಳಿಸಿದರೆ? ಎರಡೂ ತೋಳಿಗೆ ಇಳಿಸು, ಒಂದಕ್ಕೇ ಹಾಕಿದರೆ ಗುಟ್ಟು ಬಯಲಾಗುತ್ತೆ. ಈ ಹುಡುಗಿ ಯಾಕೆ ಹೀಗೆ ಉಸಿರು ಹಿಡ್ಕೊಂಡು ನಿಂತಿದ್ದಾಳೆ? ಮೂವರೂ ಒಟ್ಟಿಗೆ ಕೂಗಾಡ್ತಿರಬೇಕು ಪಾಪ. ಟೇಪು ಹಿಡಿಯೋದು ಇನ್ನೂ ಬಂದಿಲ್ಲ ಇವಳಿಗೆ, ಹಾವಿನ ಬಾಲ ಹಿಡಿದ ಹಾಗೆ ಹಿಡೀತಾಳೆ. ಆದರೆ ನ್ಯಾಯಸ್ಥೆ. ನನ್ನ ಮೇಲೆ ಇಷ್ಟು ಸಿಟ್ಟಿದ್ದರೂ ಗಿರಾಕಿ ಮುಂದೆ ಒಂದು ಮಾತು ಆಡಲಿಲ್ಲ. ಇವಳ ಮಾವ ಆಗಿದ್ದರೆ ಮೇಜು ಗುದ್ದಿ ಬೀದಿ ಸೇರಿಸುತ್ತಿದ್ದ. ಇಲ್ಲಿ ಕಾಲು ಇಂಚು ಬಿಡು. ಬಿಟ್ಟೆ. ಕಾಜಾ ಸ್ಟೂಲಿನ ಮೇಲೆ ಕೂತು ನಾನು ಯಾರ ಜೊತೆ ಮಾತಾಡಲಿ, ತೂತಿನ ಜೊತೆಗಾ? ಹೆದರಿಕೆ ಆಗುತ್ತೆ ನನಗೆ. ಮನೇಲೂ ಹೇಳಿಲ್ಲ ಇದನ್ನ. ಹೇಳಿದೀನಿ. ಊಟಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ. ಸರಿ, ಕತ್ತರಿ ಇಡು. ನಿಧಾನ. ನಿಧಾನ. ಆಯ್ತು.”

ಮಾಸ್ತರು ತಲೆಯೆತ್ತಿದರು. ಸೊಸೆ ಅಲ್ಲೇ ನಿಂತಿದ್ದಳು. ತಾವು ಏನೇನು ಅಂದೆವು ಅಂತ ಅವರಿಗೆ ಈಗ ನಿಧಾನವಾಗಿ ತಿಳಿಯತೊಡಗಿತು. ಕಿವಿಯ ತುದಿ ಬಿಸಿಯಾಯಿತು.

“ಹಾವಿನ ಬಾಲ,” ಅಂದಳು ಸೊಸೆ.

“ಅದು… ತೋಳಿನ ಜೊತೆ ಬಂದುಬಿಟ್ಟಿತು ತಾಯಿ.”

“ಮತ್ತೆ ಹೇಗೆ ಹಿಡೀಬೇಕು? ತೋರಿಸಿ.”

ಮಾಸ್ತರು ಕೊರಳಿನಿಂದ ಟೇಪು ತೆಗೆದು ತೋರಿಸಿದರು. ತೋರಿಸುತ್ತಾ, ಒಂದು ಮಾತನ್ನೂ ಬಿಡದೆ, ಎಲ್ಲವನ್ನೂ ಹೇಳಿದರು.

ಹಿಂದಿನ ಸಾಮಾನು ಕೋಣೆ ಖಾಲಿಯಾದದ್ದು ಆ ವಾರವೇ. ಮುರಿದ ಮಿಷಿನುಗಳು, ಹಳೇ ಬಟ್ಟೆಯ ಗಂಟುಗಳು ಮಹಡಿಗೆ ಹೋದವು. ಮಾಸ್ತರ ಉದ್ದನೆಯ ಮೇಜು ಒಳಗೆ ಹೋಗಬೇಕೆಂದಾಯಿತು. ಬಾಗಿಲಿಗೆ ಸೊಸೆ ಹಳೇ ಕಂಬಳಿ ಹೊಡೆಸಿದಳು, ದನಿ ಹೊರಗೆ ಬಾರದಿರಲಿ ಅಂತ. ಮಾಸ್ತರ ಹೆಂಡತಿ ನೋಡಲು ಬಂದವಳು ಕೋಣೆಯನ್ನೆಲ್ಲ ಒಂದು ಸಲ ಕಣ್ಣಾಡಿಸಿ, “ಕಿಟಕಿ ಬಲಗಡೆ ಇದ್ದರೆ ಕತ್ತರಿ ನೆರಳು ಗೆರೆ ಮೇಲೆ ಬೀಳುತ್ತೆ. ಮೇಜು ತಿರುಗಿಸಿ” ಅಂದಳು. ಮೇಜು ಇನ್ನೂ ಬಾಗಿಲ ಹೊರಗಿತ್ತು, ದೀಪವೂ ಹಾಕಿರಲಿಲ್ಲ. ತಿರುಗಿಸಿಯೇ ಒಳಗೆ ತಂದರು. ಅವಳು ಮಾಸ್ತರ ಕೈಗೆ ಊಟದ ಡಬ್ಬಿ ಕೊಟ್ಟು, “ಇನ್ನು ಮನೆಗೆ ಬರುವಾಗ ಸ್ವಲ್ಪ ಖಾಲಿಯಾಗಿ ಬರ್ತೀರಿ ತಾನೇ?” ಎಂದು ಕೇಳಿ ಹೋದಳು.

ಬ್ಯಾಂಡ್ ಮೇಳದ ಮುಖ್ಯಸ್ಥರು ಶನಿವಾರ ಬಂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಭುಜದಿಂದ ಮಣಿಕಟ್ಟಿಗೆ ಇಳಿದ ಜರಿಯನ್ನು ಸವರಿಕೊಂಡರು. “ನಾನು ಕೇಳದೇ ಹಾಕಿದಾರಲ್ಲ ಇದನ್ನ. ರಾಜನ ಹಾಗೆ ಕಾಣ್ತೀನಿ,” ಅಂದರು. ಸೊಸೆಗೆ ಒಳಗಿನ ಮೂವರೂ ಒಂದೊಂದು ಸಲಹೆ ಕೊಟ್ಟರು. ಅವಳು ಮೂರನ್ನೂ ಬಿಟ್ಟು, ತೋಳು ತಪ್ಪಿ ಕತ್ತರಿಸಿದ್ದನ್ನೂ, ಜರಿ ಬಂದದ್ದು ಹೇಗೆ ಎಂಬುದನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಗಟ್ಟಿಯಾಗಿ ಹೇಳಿದ ಮೇಲೆ ಒಳಗೆ ಒಂದಿಷ್ಟು ಹೊತ್ತು ಯಾರ ಸದ್ದೂ ಇರಲಿಲ್ಲ. ಅದು ಅವಳಿಗೇ ಅಚ್ಚರಿ.

ಮುಖ್ಯಸ್ಥರು ತೋಳನ್ನು ಎತ್ತಿ, ಇಳಿಸಿ, ಕೋಲು ಬೀಸಿದ ಹಾಗೆ ಬೀಸಿ ನೋಡಿದರು. “ಎಲ್ಲಿದೆ ಜೋಡಣೆ? ನನಗೆ ಕಾಣ್ತಿಲ್ಲ.”

ಆಗ ಕಂಬಳಿ ಹೊಡೆದ ಬಾಗಿಲ ಆಚೆಯಿಂದ ದನಿ ತೇಲಿಬಂತು. ಕಂಬಳಿ ಹಳೆಯದು, ಅಲ್ಲಲ್ಲಿ ನುಸಿ ತಿಂದಿತ್ತು. “ಎಲ್ಲ ಸರಿ, ಗುಂಡಿ ಒಂದು ನಿಲ್ಲಬೇಕಲ್ಲ. ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಮೆರವಣಿಗೆ ಚೌಕಕ್ಕೆ ಬರೋ ಹೊತ್ತಿಗೆ ಹೊಟ್ಟೆ ಆಗಲೇ ಮುಂದಿನ ಬೀದಿ ತಿರುಗಿರುತ್ತೆ.”

ಸೊಸೆ ಕಣ್ಣು ಮುಚ್ಚಿಕೊಂಡಳು. ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆಯನ್ನು ಗಾಳಿಯಲ್ಲೇ ಹಿಡಿದು ನಿಂತ. ಮುಖ್ಯಸ್ಥರು ಬಾಗಿಲ ಕಡೆ ಒಂದು ಸಲ ನೋಡಿ, ಕನ್ನಡಿಯ ಕಡೆ ಒಂದು ಸಲ ನೋಡಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಧಾನವಾಗಿ ನಗತೊಡಗಿದರು. ಗುಂಡಿ ನಿಂತಿತು.

ಈಗ ಅಳತೆ ತೆಗೆಯುವಾಗ ಸೊಸೆ ಸಂಖ್ಯೆಯನ್ನು ಬಾಯಿಬಿಟ್ಟೇ ಹೇಳುತ್ತಾಳೆ, ಪುಸ್ತಕದ ಹತ್ತಿರ ಹೋಗುವ ತನಕ ಹೇಳುತ್ತಲೇ ನಡೆಯುತ್ತಾಳೆ. ಹೊಸಬರು ಹೊಸ್ತಿಲಲ್ಲಿ ನಿಲ್ಲುವುದು ಈಗಲೂ ಉಂಟು. ಒಳಗೆ ಇಬ್ಬರು ಜಗಳಕ್ಕೆ ನಿಂತಿದ್ದಾರೆ ಅಂದುಕೊಳ್ಳುತ್ತಾರೆ. ಸಂಜೆ ಅಂಗಡಿ ಮುಚ್ಚುವ ಮುಂಚೆ, ಯಾವುದಾದರೂ ತೀರ್ಮಾನ ಮಾಡಲಾಗದೆ ತಲೆ ಭಾರವಾದಾಗ, ಅವಳು ಹಿಂದಿನ ಕೋಣೆಯ ಬಾಗಿಲಿಗೆ ಬಂದು ಒರಗಿ ನಿಲ್ಲುತ್ತಾಳೆ.

ಮಾಸ್ತರು ಬಟ್ಟೆಯಿಂದ ತಲೆಯೆತ್ತದೆ ಹೇಳುತ್ತಾರೆ, “ಒಬ್ಬರಾದ ಮೇಲೆ ಒಬ್ಬರು ಹೇಳಲಿ ತಾಯಿ. ಮೊದಲು ಅತ್ತೆಯವರದು ಮುಗಿಸಿಬಿಡಿ.”